ರೆವಿಟ್ ಫೈಲಿನ ಬ್ಯಾಕಪ್: ನಾವು ನೋಡಿದ ಮೂರು ದಾರಿ

ನಮ್ಮದು ಮೈಸೂರಿನ ಕುವೆಂಪುನಗರದ ಸಣ್ಣ ಆಫೀಸು. ಮಂಡ್ಯದ ಒಂದು ಕಲ್ಯಾಣ ಮಂಟಪಕ್ಕೆ ಮೂವರು ಸೇರಿ, ಕಟ್ಟಡದ ಮಾದರಿ ಮಾಡುವ ಸಾಫ್ಟ್‌ವೇರ್ ಆದ ರೆವಿಟ್‌ನ ಒಂದೇ ಫೈಲಿನಲ್ಲಿ ಕೆಲಸ ಮಾಡುತ್ತಿದ್ದೆವು. ಎಲ್ಲರ ಕೆಲಸ ಸೇರುವ ಸೆಂಟ್ರಲ್ ಫೈಲು ಸರ್ವರ್‌ನಲ್ಲಿ, ಅದರ ನಕಲಾದ ಲೋಕಲ್ ಕಾಪಿ ಅವರವರ ಕಂಪ್ಯೂಟರಿನಲ್ಲಿ.

ಮೊದಲು ನಂಬಿದ್ದು ರೆವಿಟ್ ತಾನೇ ಇಡುವ ಬ್ಯಾಕಪ್ ಫೋಲ್ಡರನ್ನು. ಅದು ಸೆಂಟ್ರಲ್ ಫೈಲಿನ ಪಕ್ಕದಲ್ಲೇ ಇರುತ್ತದೆ. ಒಂದು ಸೋಮವಾರ ನೋಡಿದರೆ ಊಟದ ಹಾಲಿನ ಒಂದು ಸಾಲು ಕಂಬಗಳೇ ಇಲ್ಲ! ಗುರುವಾರ ಯಾರದೋ ಕೈತಪ್ಪಿ ಅಳಿಸಿ, ಹಾಗೇ ಸಿಂಕ್ ಆಗಿ ಸೆಂಟ್ರಲ್ ಫೈಲಿಗೂ ಸೇರಿತ್ತು. ಹಳೆಯ ಆವೃತ್ತಿಗಳನ್ನು ತೋರಿಸುವ ರಿಸ್ಟೋರ್ ಬ್ಯಾಕಪ್ ತೆರೆದರೆ ಶನಿವಾರದಿಂದ ಈಚೆಗಿನವು ಮಾತ್ರ ಸಿಕ್ಕವು. ಆಮೇಲೆ ಲೆಕ್ಕ ಹಾಕಿದೆ. ಮಿತಿ ಬದಲಿಸದಿದ್ದರೆ ಉಳಿಯುವುದು 20 ಆವೃತ್ತಿ. ಮೂವರೂ ಗಂಟೆಗೊಮ್ಮೆ ಸಿಂಕ್ ಮಾಡಿದರೆ ಎಂಟು ಗಂಟೆಗೆ 24 ಆಯಿತು. ಅಂದರೆ ಒಂದು ದಿನದ್ದೂ ಪೂರ್ತಿ ಉಳಿಯುವುದಿಲ್ಲ. ಸೇವ್ ಆಸ್‌ನ ಆಪ್ಶನ್ಸ್‌ನಲ್ಲಿ ಈ ಸಂಖ್ಯೆ ಹೆಚ್ಚಿಸಬಹುದು. ಆದರೆ ಸರ್ವರಿನ ಡಿಸ್ಕ್ ಕೆಟ್ಟರೆ ಫೈಲು, ಬ್ಯಾಕಪ್ ಎರಡೂ ಒಟ್ಟಿಗೆ ಹೋಗುತ್ತವೆ, ಅಲ್ವಾ? ಇನ್ನೊಂದು ಮಾತು: ರಿಸ್ಟೋರ್ ಬ್ಯಾಕಪ್‌ನಲ್ಲಿರುವ ರೋಲ್‌ಬ್ಯಾಕ್ ಒತ್ತಬೇಡಿ. ಆ ಆವೃತ್ತಿಯ ನಂತರ ಎಲ್ಲರೂ ಮಾಡಿದ ಕೆಲಸ ಅಳಿದುಹೋಗುತ್ತದೆ. ಪಕ್ಕದ ಸೇವ್ ಆಸ್ ಒತ್ತಿ, ಹಳೆಯದನ್ನು ಬೇರೆ ಫೈಲಾಗಿ ತೆಗೆದುಕೊಳ್ಳಿ.

ಕ್ಲೌಡ್ ಡ್ರೈವಿನ ಫೋಲ್ಡರಿನಲ್ಲೇ ಸೆಂಟ್ರಲ್ ಫೈಲು ಇಟ್ಟು ನೋಡಿದ್ದು ಎರಡನೆಯ ದಾರಿ. ಎರಡೇ ದಿನಕ್ಕೆ ಬಿಟ್ಟೆವು. ಕ್ಲೌಡ್ ಡ್ರೈವ್ ಫೈಲನ್ನು ಎಲ್ಲರಿಗೂ ನಕಲು ಮಾಡುವುದರಿಂದ ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಸೆಂಟ್ರಲ್ ಇದ್ದ ಹಾಗಾಯಿತು. ಒಂದೇ ಗೋಡೆಯನ್ನು ಇಬ್ಬರು ತಿದ್ದಿದರೂ ರೆವಿಟ್‌ಗೆ ಗೊತ್ತಾಗುವುದಿಲ್ಲ. ದಯವಿಟ್ಟು ಇದನ್ನು ಮಾಡಬೇಡಿ.

ಕೊನೆಗೆ ನಮ್ಮ ಕಂಬಗಳು ಸಿಕ್ಕಿದ್ದು ಒಬ್ಬ ಸಹೋದ್ಯೋಗಿಯ ಹಳೆಯ ಲೋಕಲ್ ಕಾಪಿಯಲ್ಲಿ. ನಾನು ದಿನಾ ಹಳೆಯ ಲೋಕಲ್ ಮೇಲೆಯೇ ಹೊಸದನ್ನು ಬರೆಯುತ್ತಿದ್ದೆ. ಅವರು ಮಾತ್ರ ಬೆಳಿಗ್ಗೆ ಹೊಸ ಲೋಕಲ್ ಮಾಡುವಾಗ ಹೆಸರಿಗೆ ದಿನಾಂಕ, ಸಮಯ ಸೇರಿಸುವ ಆಯ್ಕೆಯನ್ನೇ ಒತ್ತುತ್ತಿದ್ದರು. ಬುಧವಾರದ ಫೈಲನ್ನು ಡಿಟ್ಯಾಚ್ ಮಾಡಿ (ಸೆಂಟ್ರಲ್ ಜೊತೆಗಿನ ಕೊಂಡಿ ಬಿಡಿಸಿ) ತೆರೆದು, ಕಂಬಗಳನ್ನು ಕಾಪಿ ಮಾಡಿ, ಈಗಿನ ಫೈಲಿನಲ್ಲಿ ಅದೇ ಜಾಗಕ್ಕೆ ಪೇಸ್ಟ್ ಮಾಡಿದೆವು. ಅರ್ಧ ಗಂಟೆ ಸಾಕಾಯಿತು. ಅವತ್ತು ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ.

ಹಾಗಾಗಿ ಈಗ ನಾನು ಹೇಳುವುದು ಇದೇ ಮೂರನೆಯ ದಾರಿಯನ್ನು. ಎಲ್ಲರೂ ದಿನಾಂಕವಿರುವ ಲೋಕಲ್ ಮಾಡುತ್ತೇವೆ, ಎರಡು ವಾರ ಇಟ್ಟು ಅಳಿಸುತ್ತೇವೆ. ಜಾಗ ಜಾಸ್ತಿ ಬೇಕು, ನಿಜ. ಸಂಜೆ ಎಲ್ಲರೂ ಸಿಂಕ್ ಮಾಡಿ ಮುಚ್ಚಿದ ಮೇಲೆ, ಒಬ್ಬರು ಸೆಂಟ್ರಲನ್ನು ಡಿಟ್ಯಾಚ್ ಮಾಡಿ ತೆರೆದು, ವರ್ಕ್‌ಸೆಟ್‌ಗಳನ್ನು (ಕೆಲಸ ಹಂಚಿಕೊಳ್ಳಲು ಮಾಡಿದ ಗುಂಪುಗಳನ್ನು) ಉಳಿಸಿಕೊಂಡು, ಹೊರಗಿನ ಹಾರ್ಡ್ ಡಿಸ್ಕಿಗೆ ಸೇವ್ ಮಾಡುತ್ತಾರೆ. ಶುಕ್ರವಾರ, ಫೈಲಿನ ದೋಷ ಹುಡುಕಿ ಸರಿಪಡಿಸುವ ಆಡಿಟ್‌ಗೆ ಟಿಕ್ ಹಾಕಿಯೇ ತೆರೆಯುತ್ತೇವೆ. ಆ ಡಿಸ್ಕ್ ರಾತ್ರಿ ಆಫೀಸಿನಲ್ಲಿ ಇರುವುದಿಲ್ಲ, ನಮ್ಮ ಮನೆಯ ಬೀರುವಿನಲ್ಲಿರುತ್ತದೆ.