ಅಡಿಕೆ, ಅಬಾಕಸ್, ಆ್ಯಪ್, ಪ್ಲಾಸ್ಟಿಕ್ ತುಂಡು: ಎರಡನೇ ಕ್ಲಾಸಿನ ಲೆಕ್ಕಕ್ಕೆ ನಮಗೆ ಒದಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗೆದ್ದದ್ದು ಅಂಗಳದ ಅಡಿಕೆ ಮತ್ತು ತೆಂಗಿನ ಗೆರಟೆ (ಕರಟ). ದುಡ್ಡು ಕೊಡಬೇಕಾದ ಮೂರರಲ್ಲಿ ಆ್ಯಪ್ ನಿಲ್ಲಿಸಿಯಾಯಿತು, ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ ಕಪಾಟಿನಲ್ಲಿದೆ, ಅಬಾಕಸ್ (ಮಣಿ ಪೋಣಿಸಿದ ಲೆಕ್ಕದ ಚೌಕಟ್ಟು) ಸದ್ಯಕ್ಕೆ ಬೇಡ ಅಂತ ಬಿಟ್ಟಿದ್ದೇವೆ.

ನಾವಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಎರಡನೇ ಕ್ಲಾಸು, ಕನ್ನಡ ಮಾಧ್ಯಮ. ನಾದಿನಿಯ ಮಗ ನಾಲ್ಕನೇ ಕ್ಲಾಸು, ಇರುವುದು ಕಾಸರಗೋಡು ಪೇಟೆಯಲ್ಲಿ, ರಜೆ ಸಿಕ್ಕಿದರೆ ನಮ್ಮಲ್ಲಿಗೇ ಬರುತ್ತಾನೆ. ಹಾಗಾಗಿ ಇಬ್ಬರ ಮೇಲೂ ಇವೆಲ್ಲವನ್ನೂ ನೋಡಿದ್ದೇನೆ. ಇದೆಲ್ಲ ಶುರುವಾದದ್ದು ಕಳೆಯುವ ಲೆಕ್ಕದಿಂದ. 52ರಿಂದ 17 ಕಳೆ ಅಂದರೆ ಮಗಳು 45 ಅಂತ ಬರೆಯುತ್ತಿದ್ದಳು. 7ರಿಂದ 2 ಹೋದರೆ 5, 5ರಿಂದ 1 ಹೋದರೆ 4. ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಅಂತ ಮೊದಲು ಕಲಿತದ್ದನ್ನೇ ಎಲ್ಲಾ ಕಡೆ ಹಾಕುತ್ತಿದ್ದಳು. ಈ ವಯಸ್ಸಿನ ತುಂಬಾ ಮಕ್ಕಳು ಹೀಗೇ ಮಾಡುತ್ತಾರೆ. ಹತ್ತು, ಬಿಡಿ ಅಂತ ಬಾಯಲ್ಲಿ ಬರುತ್ತದೆ, ಆದರೆ 52ರಲ್ಲಿರುವ ಆ 5 ನಿಜಕ್ಕೂ ಐವತ್ತು ಅನ್ನುವುದು ಮನಸ್ಸಿಗೆ ಹೋಗಿರುವುದಿಲ್ಲ.

ಮೊದಲು ತೆಗೆದುಕೊಂಡದ್ದು ಆ್ಯಪ್. ಚಂದಾ ವರ್ಷಕ್ಕೆ ಮೂರು ಸಾವಿರದ ಹತ್ತಿರ. ಚಿತ್ರ ಚೆಂದ, ಹಾಡು ಚೆಂದ. ಕನ್ನಡ ಇಲ್ಲ. ಮಗಳು ತಾನಾಗಿಯೇ ಕೂತು ಮಾಡುತ್ತಿದ್ದಳು, ವಾರಕ್ಕೊಮ್ಮೆ ನನ್ನ ಫೋನಿಗೆ ವರದಿ ಬರುತ್ತಿತ್ತು. ಇಷ್ಟು ಪಾಠ ಮುಗಿಯಿತು, ಇಷ್ಟು ನಕ್ಷತ್ರ ಸಿಕ್ಕಿತು ಅಂತ. ಕಳೆಯುವ ಲೆಕ್ಕಕ್ಕೂ ಪೂರ್ತಿ ನಕ್ಷತ್ರ ಇತ್ತು. ಶಾಲೆಯ ಪುಸ್ತಕದಲ್ಲಿ ಮಾತ್ರ ಅದೇ 45.

ಒಂದು ಸಂಜೆ ಪಕ್ಕದಲ್ಲೇ ಕೂತು ನೋಡಿದೆ. ಪ್ರಶ್ನೆ ಮೇಲೆ, ಕೆಳಗೆ ನಾಲ್ಕು ಉತ್ತರ. ಅವಳ ಕಣ್ಣು ಪ್ರಶ್ನೆಯ ಕಡೆ ಹೋಗಲೇ ಇಲ್ಲ. ಬೆರಳು ಮೊದಲನೇ ಉತ್ತರ ಒತ್ತಿತು, ಟುಕ್ ಅಂತ ಸದ್ದು ಬಂತು. ಎರಡನೆಯದು ಒತ್ತಿದಳು, ಟುಕ್. ಮೂರನೆಯದಕ್ಕೆ ಹಸಿರು ಬಣ್ಣ, ಚಪ್ಪಾಳೆ, ನಕ್ಷತ್ರ. ಮುಂದಿನ ಪ್ರಶ್ನೆ. ತಪ್ಪು ಒತ್ತಿದರೆ ಕಳಕೊಳ್ಳುವುದು ಏನೂ ಇಲ್ಲ, ಹಾಗಿರುವಾಗ ಮಗು ಎಂತಕ್ಕೆ ಯೋಚನೆ ಮಾಡಬೇಕು? ಅವಳಿಗೆ ಕಂಡ ಸುಲಭದ ದಾರಿ ಅದು, ಅವಳನ್ನು ದೂರುವ ಹಾಗಿಲ್ಲ.

ಸರಿ ಅಂತ ಒಂದು ಉಪಾಯ ಮಾಡಿದೆ. ರಟ್ಟಿನ ತುಂಡಿನಿಂದ ಕೆಳಗಿನ ಅರ್ಧ ಮುಚ್ಚಿ, 'ಮೊದಲು ಬಾಯಲ್ಲಿ ಉತ್ತರ ಹೇಳು, ಮತ್ತೆ ತೆಗೆ' ಅಂದೆ. ಅವಳು ಬೆರಳು ಮಡಚಿ ಎಣಿಸಲು ಶುರು ಮಾಡಿದಳು. ನಿಧಾನ, ಆದರೆ ಸರಿಯಾದ ದಾರಿ. ಅಷ್ಟರಲ್ಲಿ ಸಮಯ ಮುಗಿಯಿತು ಅಂತ ಗಂಟೆ ಹೊಡೆಯಿತು. ಎರಡು ಮೂರು ಸಲ ಹಾಗಾದ ಮೇಲೆ ಆ್ಯಪ್ ಇವಳನ್ನು ಕೆಳಗಿನ ಮಟ್ಟಕ್ಕೆ ಇಳಿಸಿತು. 8ಕ್ಕೆ 3 ಕೂಡಿಸುವ ಲೆಕ್ಕ ಕೊಡಲು ಶುರು ಮಾಡಿತು. ಯೋಚನೆ ಮಾಡಿದ ದಿನ ಹಿಂದೆ ಹೋಗುವುದು, ಸುಮ್ನೆ ಒತ್ತಿದ ದಿನ ಮುಂದೆ ಹೋಗುವುದು. ಗಡಿಯಾರ ನಿಲ್ಲಿಸಲು ಎಲ್ಲಾ ಕಡೆ ಹುಡುಕಿದೆ, ಅಂಥದ್ದೊಂದು ಗುಂಡಿಯೇ ಇರಲಿಲ್ಲ. ಸಹಾಯಕ್ಕೆ ಬರೆದರೆ 'ನಿಮ್ಮ ಮಗುವಿನ ವೇಗ ಹೆಚ್ಚಿಸಲು ಇದು ನೆರವಾಗುತ್ತದೆ' ಅಂತ ಉತ್ತರ ಬಂತು. ಏಳು ವರ್ಷದ ಮಗುವಿಗೆ ಈಗ ಬೇಕಾದದ್ದು ವೇಗ ಅಲ್ಲ. ಅಲ್ಲಿಗೆ ಚಂದಾ ನಿಲ್ಲಿಸಿದೆ. ಬ್ಯಾಂಕಿನಿಂದ ತಾನಾಗಿ ದುಡ್ಡು ಕಡಿತ ಆಗುವ ಒಪ್ಪಿಗೆಯನ್ನು ಬೇರೆಯಾಗಿ ರದ್ದು ಮಾಡಬೇಕು, ಅದನ್ನು ಮರೆಯಬೇಡಿ.

ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ ಆ್ಯಪ್‌ಗಿಂತ ಎಷ್ಟೋ ಮೇಲು. ಬಿಡಿಗೆ ಸಣ್ಣ ಘನ, ಹತ್ತಕ್ಕೆ ಕೋಲು, ನೂರಕ್ಕೆ ಚಪ್ಪಟೆ ಹಲಗೆ. ಕೈಯಲ್ಲಿ ಹಿಡಿಯಬಹುದು, ಹತ್ತು ಬಿಡಿಗಿಂತ ನೂರು ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಾಣುತ್ತದೆ. ಒಂದೇ ಒಂದು ತೊಡಕು. ಹತ್ತರ ಕೋಲನ್ನು ಒಡೆಯಲು ಆಗುವುದಿಲ್ಲ. 52ರಿಂದ 17 ತೆಗೆಯಬೇಕಾದರೆ ಒಂದು ಕೋಲು ಪೆಟ್ಟಿಗೆಗೆ ಹಾಕಿ ಹತ್ತು ಘನ ತರಬೇಕು. ಮಗಳ ಪ್ರಶ್ನೆ: 'ನನ್ನದನ್ನು ಕೊಟ್ಟು ಬೇರೆಯದ್ದು ತಂದದ್ದಲ್ವಾ, ಅದು ಹೇಗೆ ಅದೇ ಆಗ್ತದೆ ಅಮ್ಮ?' ಕೇಳಿದ್ದು ನ್ಯಾಯವೇ.

ಅಬಾಕಸ್ ಬಗ್ಗೆ ನನಗೆ ಗೌರವ ಇದೆ. ಪ್ರತಿ ಕಡ್ಡಿಯಲ್ಲಿ ಮೇಲೆ ಒಂದು ಮಣಿ, ಅದಕ್ಕೆ ಬೆಲೆ ಐದು. ಕೆಳಗೆ ನಾಲ್ಕು, ಒಂದೊಂದಕ್ಕೆ ಒಂದು. ಐದಕ್ಕೆ ಎಷ್ಟು ಬೇಕು, ಹತ್ತಕ್ಕೆ ಎಷ್ಟು ಬೇಕು ಅನ್ನುವ ಜೋಡಿಗಳು ಬೆರಳಿಗೇ ಬಂದುಬಿಡುತ್ತವೆ. ನಾದಿನಿಯ ಮಗ ಅಬಾಕಸ್ ಕಲಿತು ಎರಡಂಕಿಯ ಸಂಖ್ಯೆಗಳನ್ನು ಕಣ್ಣು ಮುಚ್ಚಿ ಕೂಡಿಸುತ್ತಾನೆ. ಆದರೆ ಅವನನ್ನೇ ಅಂಗಡಿಗೆ ಕಳಿಸಿ, '68 ರೂಪಾಯಿ ಆಯಿತು, ನೂರು ಕೊಟ್ಟರೆ ಎಷ್ಟು ವಾಪಸ್?' ಅಂದರೆ ಒಂದು ಕ್ಷಣ ನಿಲ್ಲುತ್ತಾನೆ. ಲೆಕ್ಕ ಬರುವುದಿಲ್ಲ ಅಂತ ಅಲ್ಲ, ಅದು ಕೂಡುವ ಲೆಕ್ಕವೋ ಕಳೆಯುವ ಲೆಕ್ಕವೋ ಅಂತ ಯಾರಾದರೂ ಹೇಳಬೇಕು. ಜೊತೆಗೆ ಅಬಾಕಸ್ ಕ್ಲಾಸಿಗೆ ಅಂತ ನಮಗೆ ಪೇಟೆಗೆ ಬಸ್ಸಿನಲ್ಲಿ ಹೋಗಿ ಬರಬೇಕು, ಫೀಸು ಬೇರೆ. ಮನೆ ಪೇಟೆಯಲ್ಲೇ ಇದ್ದರೆ, ಮಗುವಿಗೂ ಇಷ್ಟವಾದರೆ, ಮೂರನೇ ಕ್ಲಾಸು ಮುಗಿದ ಮೇಲೆ ಸೇರಿಸಬಹುದು.

ಇನ್ನು ನಮ್ಮ ಅಡಿಕೆ. ಸುಲಿದ ಅಡಿಕೆ ಒಂದು ರಾಶಿ, ಗೆರಟೆಗಳು, ಎರಡು ಮೂರು ಬುಟ್ಟಿ. ನಿಯಮ ಒಂದೇ. ಹತ್ತು ಅಡಿಕೆ ಆದ ಕೂಡಲೇ ಗೆರಟೆಗೆ ಹೋಗಬೇಕು, ಹತ್ತು ಗೆರಟೆ ತುಂಬಿದ ಕೂಡಲೇ ಬುಟ್ಟಿಗೆ ಸುರಿಯಬೇಕು. ಮಗಳು ಅಜ್ಜಿಯ ಜೊತೆ ಕೂತು ಕೆಟ್ಟದ್ದನ್ನು ಬೇರೆ ಮಾಡುತ್ತಾ ಎಣಿಸಿದಳು. ಕಳೆಯುವ ಲೆಕ್ಕ ಬಂದಾಗ ಐದು ಗೆರಟೆ, ಎರಡು ಬಿಡಿ ಅಡಿಕೆ ಮುಂದಿಟ್ಟೆ. 'ಅಜ್ಜಿಗೆ ಹದಿನೇಳು ಕೊಡು.' ಎರಡು ಬಿಡಿ ಕೊಟ್ಟಳು. ಕೈ ಗೆರಟೆಯ ಮೇಲೆ ನಿಂತಿತು. ನನ್ನ ಮುಖ ನೋಡಿದಳು, ನಾನು ಏನೂ ಹೇಳಲಿಲ್ಲ. ಒಂದು ಗೆರಟೆ ಕವುಚಿ ಸುರಿದಳು, ಅದರಿಂದ ಐದು ಎಣಿಸಿ ಕೊಟ್ಟಳು, ಮತ್ತೊಂದು ಗೆರಟೆಯನ್ನು ಹಾಗೇ ದೂಡಿದಳು. ಉಳಿದದ್ದು ಮೂರು ಗೆರಟೆ, ಐದು ಬಿಡಿ. ಪ್ಲಾಸ್ಟಿಕ್ ಕೋಲಿನಲ್ಲಿ ಆಗದ ಕೆಲಸ ಇದು. ಹತ್ತು ಬೇರೆ ಎಲ್ಲಿಂದಲೋ ಬಂದದ್ದಲ್ಲ, ಅವಳೇ ತುಂಬಿಸಿದ ಹತ್ತು ಅವಳ ಕಣ್ಣೆದುರೇ ಬಿಡಿ ಆಯಿತು. 304 ಬರೆಯುವಾಗ ನಡುವೆ ಸೊನ್ನೆ ಎಂತಕ್ಕೆ ಅಂತಲೂ ಹೀಗೇ ತಿಳಿಯಿತು. ಮೂರು ಬುಟ್ಟಿ ಇದೆ, ಗೆರಟೆ ಒಂದೂ ಇಲ್ಲ, ನಾಲ್ಕು ಬಿಡಿ.

ಅಡಿಕೆ ಬಾಯಿಗೆ ಹಾಕುವ ವಸ್ತು ಅಲ್ಲ ಅಂತ ಮೊದಲ ದಿನವೇ ಹೇಳಿ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಆಟ ಮುಗಿದ ಕೂಡಲೇ ಎತ್ತಿಡಿ. ತೋಟ ಇಲ್ಲದವರಿಗೆ ಹುಣಸೆಬೀಜ ಸಾಕು.

ಅಡುಗೆಮನೆ ಇದಕ್ಕೆ ಸೇರಿಕೊಂಡಿತು. ದೋಸೆಗೆ ಒಂದು ಕುಡ್ತೆ (ಅಳತೆಯ ಪಾತ್ರೆ) ಉದ್ದಿಗೆ ಮೂರು ಕುಡ್ತೆ ಅಕ್ಕಿ. ನೆಂಟರು ಬಂದ ದಿನ ಎರಡು ಕುಡ್ತೆ ಉದ್ದು, ಅಕ್ಕಿ ಎಷ್ಟು? ತಪ್ಪಿದರೆ ದೋಸೆಯೇ ಹೇಳುತ್ತದೆ. ಒಂದು ದಿನ ಅತ್ತೆ ಕಾಯಿ ಒಡೆದಾಗ ಒಂದು ಕಡೆಯದ್ದು ದೊಡ್ಡದು, ಇನ್ನೊಂದು ಸಣ್ಣದು ಆಯಿತು. 'ಅಜ್ಜಿ, ಇದು ಅರ್ಧ ಅಲ್ಲ' ಅಂತ ಮಗಳು ಜಗಳಕ್ಕೇ ನಿಂತಳು. ಅತ್ತೆ 'ಹಾಗಾದ್ರೆ ಎಂತ ಮಾಡುವುದು ಹೇಳು' ಅಂದರು. ಎರಡನ್ನೂ ತುರಿದು ಅದೇ ಕುಡ್ತೆಯಲ್ಲಿ ಅಳೆದರು. ಸಮನಾಗಿ ಎರಡು ಪಾಲು ಮಾಡಿದ ಮೇಲೆಯೇ ಅವಳಿಗೆ ಸಮಾಧಾನ. ಭಿನ್ನರಾಶಿ ಪಾಠ ಶಾಲೆಯಲ್ಲಿ ಬರುವ ಹೊತ್ತಿಗೆ ಮುಖ್ಯ ಮಾತು ಅವಳಿಗೆ ಗೊತ್ತಿರುತ್ತದೆ.

ಬಸ್ಸಿನಲ್ಲಿ ಎರಡು ಫುಲ್, ಒಂದು ಹಾಫ್ ಟಿಕೆಟಿನ ಲೆಕ್ಕ ಅವಳದೇ. ಕಂಡಕ್ಟರರು ಅವಸರದಲ್ಲಿರುತ್ತಾರೆ, ಹತ್ತುವ ಮೊದಲೇ ಮಾಡಿಸಿ.

ಈ ದಾರಿಯ ದೊಡ್ಡ ಕೊರತೆ ಚಿಲ್ಲರೆ. ಈಗ ಜೀನಸು ಅಂಗಡಿಯಿಂದ ಮೀನಿನವರ ವರೆಗೆ ಎಲ್ಲಾ ಕಡೆ ಫೋನ್ ಹಿಡಿದರೆ ದುಡ್ಡು ಹೋಯಿತು. ಮಕ್ಕಳ ಕಣ್ಣಿಗೆ ನೋಟು ಬೀಳುವುದೇ ಕಡಿಮೆ, ವಾಪಸ್ ದುಡ್ಡು ಅನ್ನುವುದೇ ಇಲ್ಲ. ಅದಕ್ಕೆ ನಮ್ಮ ಕೆಳಗಿನ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿದೆ. ಮಗಳ ಕೈಯಲ್ಲಿ ನೂರರ ನೋಟು ಮಾತ್ರ ಕಳಿಸುತ್ತೇನೆ, ಚಿಲ್ಲರೆ ಎಣಿಸಿಯೇ ಕೊಡಿ ಅಂತ. ಅವರು ಕೊಡುವ ರೀತಿ ನೋಡಬೇಕು. 68ಕ್ಕೆ ಎರಡು ರೂಪಾಯಿ ಇಟ್ಟು 'ಎಪ್ಪತ್ತು', ಮತ್ತೆ ಹತ್ತರ ಮೂರು ನೋಟು ಇಟ್ಟು 'ಎಂಬತ್ತು, ತೊಂಬತ್ತು, ನೂರು'. ಕಳೆಯದೆ, ಮೇಲಕ್ಕೆ ಎಣಿಸಿ ಹೇಳುವ ಕಳೆಯುವ ಲೆಕ್ಕ. ಮಗಳು ಈಗ ಅದನ್ನೇ ಮಾಡುತ್ತಾಳೆ. ಒಮ್ಮೆ ಎರಡು ರೂಪಾಯಿ ಬದಲು ಚಾಕಲೇಟು ಸಿಕ್ಕಿದಾಗ ಅದನ್ನೂ ಲೆಕ್ಕಕ್ಕೆ ಸೇರಿಸಿ ತಂದು ತೋರಿಸಿದಳು.

ಇಷ್ಟಾದರೆ ಸಾಕಾ? ಸಾಕಾಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಿ ಬರೆದದ್ದು 2025ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ತರಕಾರಿ ತೂಗಿ ಬಾಯಲ್ಲೇ ಸರಿಯಾಗಿ ಲೆಕ್ಕ ಹೇಳುವ ಮಕ್ಕಳು ಅದಕ್ಕಿಂತ ಸುಲಭದ ಲೆಕ್ಕವನ್ನೂ ಶಾಲೆಯ ರೀತಿಯಲ್ಲಿ ಕೇಳಿದರೆ ಎಡವುತ್ತಿದ್ದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವುತ್ತಿದ್ದರು. ಒಂದು ಗೊತ್ತಿದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ. ನಡುವೆ ಯಾರಾದರೂ ಕೈ ಹಿಡಿದು ದಾಟಿಸಬೇಕು. ಸಣ್ಣ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಗಣಿತಕ್ಕೆ ಇದೇ ಸಾಲು ಹೇಳುತ್ತದೆ. ಮೊದಲು ಅನುಭವ, ಆಮೇಲೆ ಮಾತು, ಆಮೇಲೆ ಚಿತ್ರ, ಕೊನೆಗೆ ಚಿಹ್ನೆ.

ಹಾಗಾಗಿ ನಮ್ಮಲ್ಲಿ ಅಡಿಕೆಯ ಪಕ್ಕ ಒಂದು ಚೌಕಳಿ ಪುಸ್ತಕ ಇರುತ್ತದೆ. ಮೊದಲು ಕೈಯಲ್ಲಿ ಮಾಡುವುದು. ಎಂತ ಮಾಡಿದೆ ಅಂತ ಬಾಯಲ್ಲಿ ಹೇಳುವುದು. ಗೆರಟೆಗೆ ಒಂದು ಉರುಟು, ಬಿಡಿಗೆ ಒಂದು ಚುಕ್ಕೆ ಹಾಕಿ ಚಿತ್ರ ಬರೆಯುವುದು. ಅದರ ಪಕ್ಕದಲ್ಲೇ ಶಾಲೆಯ ಹಾಗೆ 52, ಅದರ ಕೆಳಗೆ 17. ಸುರಿದ ಗೆರಟೆಯ ಉರುಟಿಗೆ ಅಡ್ಡಗೀಟು ಹಾಕುವಾಗಲೇ 5ನ್ನು ಹೊಡೆದು ಮೇಲೆ 4 ಅಂತ ಬರೆಯುತ್ತಾಳೆ. 45 ಬರೆಯುವುದು ನಿಂತದ್ದು ಈ ಚಿತ್ರ ಶುರುವಾದ ಮೇಲೆ. ಅಡಿಕೆ ಎಣಿಸಿದ್ದರಿಂದ ಮಾತ್ರ ನಿಲ್ಲುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಇದಕ್ಕೆ ದುಡ್ಡು ಬೇಡ, ಆದರೆ ದೊಡ್ಡವರೊಬ್ಬರ ಹೊತ್ತು ಬೇಕು. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು, ಅತ್ತೆಯೂ ಜೊತೆಗಿದ್ದಾರೆ, ಹಾಗಾಗಿ ನಮಗೆ ಹೊಂದಿತು. ಸಂಜೆ ಏಳಕ್ಕೆ ಮನೆ ಸೇರುವ ತಂದೆ ತಾಯಿಗೆ ದಿನಾ ಗೆರಟೆ ತುಂಬಿಸಿ ಕೂರುವುದು ಕಷ್ಟ. ಅಂಥವರು ಏನಾದರೂ ಕೊಳ್ಳಲೇಬೇಕು ಅಂತಿದ್ದರೆ ಪ್ಲಾಸ್ಟಿಕ್ ತುಂಡು ಕೊಳ್ಳಿ, ಆದರೆ ಒಂದಕ್ಕೊಂದು ಸಿಕ್ಕಿಸಿ ಬಿಡಿಸಲು ಬರುವ ಘನಗಳನ್ನೇ ಕೇಳಿ. ಅದರಲ್ಲಿ ಹತ್ತರ ಕೋಲು ಮುರಿಯುತ್ತದೆ. ನನಗೆ ಇದು ಮೊದಲೇ ಸಿಕ್ಕಿದ್ದರೆ ಅದನ್ನೇ ತರುತ್ತಿದ್ದೆ. ಆ್ಯಪ್ ಬೇಕೇ ಬೇಕು ಅನ್ನುವವರು ಚಂದಾ ಕಟ್ಟುವ ಮೊದಲು ಎರಡು ನೋಡಿಕೊಳ್ಳಿ: ಉತ್ತರವನ್ನು ಮಗುವೇ ಬರೆಯಲು ಆಗುತ್ತದಾ, ಗಡಿಯಾರ ನಿಲ್ಲಿಸಲು ಆಗುತ್ತದಾ.

ನಮ್ಮಲ್ಲಿ ಮುಂದಿನದು ಮಗ್ಗಿ. ಅಡಿಕೆಯನ್ನು ಸಾಲಾಗಿ ಹರಡಿ ಶುರು ಮಾಡಿದ್ದೇವೆ. ನಾಲ್ಕು ಸಾಲು, ಸಾಲಿಗೆ ಆರು. ಈ ಕಡೆಯಿಂದ ನೋಡಿದರೆ ಆರು ನಾಲ್ಕು, ಆ ಕಡೆ ಹೋಗಿ ನೋಡಿದರೆ ನಾಲ್ಕು ಆರು. ಎರಡರ, ಐದರ, ಹತ್ತರ ಮಗ್ಗಿ ಮುಗಿದಿದೆ, ಈಗ ಮೂರರದ್ದು ನಡೆಯುತ್ತಿದೆ.