ಕ್ಯಾಬಿನೆಟ್ ಬಿಚ್ಚುವ ಮುಂಚೆ ಗೋಡೆಯ ಪ್ಲಗ್ ನೋಡಿ

ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ, ಮೌಸ್ ಕೀಬೋರ್ಡ್ ಸುಮ್ನೆ ಸುಮ್ನೆ ಕೈಕೊಡುತ್ತಿವೆ ಅಂತ ಹೊಸ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡುವ ಡಬ್ಬ) ಆರ್ಡರ್ ಮಾಡಲು ಹೊರಟಿದ್ದರೆ ಐದು ನಿಮಿಷ ತಡೆಯಿರಿ. ನಾನು ತಡೆಯಲಿಲ್ಲ. ಹತ್ತಿರಹತ್ತಿರ 14,000 ರೂಪಾಯಿ ಹೋಯಿತು. ಕೊನೆಗೆ ಸರಿಹೋಗಿದ್ದು 450 ರೂಪಾಯಿಯ ಕೆಲಸದಲ್ಲಿ, ಅದೂ ಕಂಪ್ಯೂಟರ್ ಮುಟ್ಟದೆ.

ನನ್ನದು ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡುವ ಕೆಲಸ. ಮೈಸೂರಿನಲ್ಲಿ ಹಳೇ ಕಾಲದ ಬಾಡಿಗೆ ಮನೆ, ರೆಡ್ ಆಕ್ಸೈಡ್ ನೆಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ದಿನ ಅಲೆದು, ಚೌಕಾಸಿ ಮಾಡಿ ಒಂದೊಂದೇ ಪಾರ್ಟ್ ತಂದು ನಾನೇ ಜೋಡಿಸಿದೆ. ಎಎಂಡಿಯ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವಾಟ್ ಎಸ್‌ಎಂಪಿಎಸ್. ಯುಪಿಎಸ್ ಆಮೇಲೆ ನೋಡೋಣ ಅಂತ ಬಿಟ್ಟೆ. ಕಂಪ್ಯೂಟರ್ ಇಟ್ಟದ್ದು ಹಿಂದಿನ ರೂಮಿನಲ್ಲಿ, ಅಮ್ಮನ ಹೊಲಿಗೆ ಮೆಷಿನ್ ಪಕ್ಕ. ಅಮ್ಮ ಬ್ಲೌಸ್ ಹೊಲಿಯುತ್ತಾರೆ, ಮೋಟಾರ್ ಹಾಕಿಸಿದ ಮೆಷಿನ್.

ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಒಂದು ಬೀಗರ ಊಟದ ವಿಡಿಯೊ ರೆಂಡರ್ ಆಗುತ್ತಿತ್ತು, 87 ಪರ್ಸೆಂಟ್. ಟಕ್ ಅಂತ ಸ್ಕ್ರೀನ್ ಕಪ್ಪಾಗಿ ಮತ್ತೆ ಬೋರ್ಡಿನ ಲೋಗೊ ಬಂತು. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಆಮೇಲೆ ಅದೇ ಶುರುವಾಯಿತು. ಕೆಲವು ದಿನ ಮೂರು ಸಲ, ಕೆಲವು ದಿನ ಒಂದೂ ಇಲ್ಲ. ನಡುನಡುವೆ ಯುಎಸ್‌ಬಿ ಕಿತ್ತಾಗ ಬರುವ ಆ ಟುಡುಂಗ್ ಸದ್ದು, ಮೌಸ್ ಎರಡು ಸೆಕೆಂಡ್ ಸತ್ತು ಮತ್ತೆ ಬದುಕುವುದು. ಒಂದು ಸಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವಾಗಲೇ ಡಿಸ್ಕ್ ಮಾಯವಾಗಿ ಒಂದು ಫೋಲ್ಡರ್ ಪೂರ್ತಿ ಹಾಳಾಯಿತು. ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಅಳಿಸಿರಲಿಲ್ಲ.

ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದರೆ ಪ್ರತಿ ಸಲವೂ ಕರ್ನಲ್-ಪವರ್ 41. ಒಳಗೆ ಬಗ್‌ಚೆಕ್ ಕೋಡ್ ಸೊನ್ನೆ. ಇದರ ಅರ್ಥ ನನಗೆ ಆಗ ಸರಿಯಾಗಿ ತಿಳಿದಿರಲಿಲ್ಲ. ವಿಂಡೋಸ್‌ಗೆ ತಪ್ಪು ಬರೆದಿಡುವಷ್ಟು ಹೊತ್ತೂ ಸಿಗಲಿಲ್ಲ, ಒಮ್ಮೆಲೇ ನಿಂತುಹೋಯಿತು ಅಂತ ಅಷ್ಟೇ. ಡ್ರೈವರ್ ಹಾಳಾಗಿದ್ದರೆ ಸಾಮಾನ್ಯವಾಗಿ ನೀಲಿ ಸ್ಕ್ರೀನ್ ಬಂದು ಅಲ್ಲೊಂದು ನಂಬರ್ ಉಳಿಯುತ್ತದೆ. ಸೊನ್ನೆ ಇದ್ದರೆ ಮೊದಲು ಕರೆಂಟಿನ ದಾರಿ ನೋಡಬೇಕು. ನಾನೂ ನೋಡಿದೆ, ಆದರೆ ಕ್ಯಾಬಿನೆಟ್ ಒಳಗೆ ಮಾತ್ರ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿ ಇಡೀ ಓಡಿಸಿದೆ, ಒಂದೂ ಎರರ್ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿದೆ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟ್ ಉಳಿಸಲು ಯುಎಸ್‌ಬಿ ಮಲಗಿಸುವುದು) ಆಫ್ ಮಾಡಿದೆ. 2021ರಲ್ಲಿ 500 ಸರಣಿಯ ಬೋರ್ಡುಗಳಲ್ಲಿ (ನನ್ನ ಬಿ550 ಕೂಡ ಅದೇ) ಯುಎಸ್‌ಬಿ ಬಿಟ್ಟುಬಿಟ್ಟು ಹೋಗುವ ತೊಂದರೆ ಇದೆ ಅಂತ ಎಎಂಡಿಯೇ ಒಪ್ಪಿಕೊಂಡು, ಎಜೀಸಾ 1.2.0.2 ಎಂಬ ತನ್ನ ಕೋಡ್ ಇರುವ ಬಯೋಸ್‌ನಲ್ಲಿ (ಬೋರ್ಡನ್ನು ಶುರುಮಾಡುವ ಸಾಫ್ಟ್‌ವೇರ್) ಅದನ್ನು ಸರಿಮಾಡಿತ್ತು. ಅದನ್ನು ಓದಿ, ಸಿಕ್ಕಿಬಿಟ್ಟ ಕಳ್ಳ ಅಂದುಕೊಂಡೆ. ನನ್ನ ಬೋರ್ಡಿನಲ್ಲಿ ಆಗಲೇ ಅದಕ್ಕಿಂತ ಹೊಸ ಬಯೋಸ್ ಇತ್ತು. ಆದರೂ ಇನ್ನೂ ಹೊಸದು ಹಾಕಿದೆ, ಅದೂ ಯಾವಾಗ ಬೇಕಾದರೂ ರೀಸ್ಟಾರ್ಟ್ ಆಗುವ ಮೆಷಿನ್‌ನಲ್ಲಿ. ಈ ಹುಚ್ಚು ಕೆಲಸ ನೀವು ಮಾಡಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಆಮೇಲೆ ದುಡ್ಡು ಸುರಿಯಲು ಶುರು ಮಾಡಿದೆ. ಹೊಸ ಎಸ್‌ಎಂಪಿಎಸ್, ಬೇರೆ ರ‍್ಯಾಮ್, ಅಡಾಪ್ಟರ್ ಇರುವ ಯುಎಸ್‌ಬಿ ಹಬ್. ಏನೂ ಬದಲಾಗಲಿಲ್ಲ. ಇಲ್ಲೇ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಎರಡು ದಿನ ಓಡಿಸಿ ನೋಡಿದರು, ಒಂದು ಸಲವೂ ಆಫ್ ಆಗಲಿಲ್ಲ. "ಬೋರ್ಡ್ ವೀಕ್ ಆಗಿದೆ ಸಾರ್, ಚೇಂಜ್ ಮಾಡ್ಬಿಡಿ" ಅಂದರು. ತಮ್ಮ ಕಣ್ಣೆದುರು ಎರಡು ದಿನ ಸರಿಯಾಗಿ ಓಡಿದ ಬೋರ್ಡ್ ವೀಕ್ ಅಂತ ಹೇಗೆ ಹೇಳಿದರೋ, ನಾನು ಹೇಗೆ ತಲೆಯಾಡಿಸಿದೆನೋ. ಮನೆಗೆ ತಂದು ಹಾಕಿದ ಅರ್ಧ ಗಂಟೆಗೆ ಮತ್ತೆ ಟಕ್.

ಅಮ್ಮ ಮಾತ್ರ ಮೊದಲಿಂದಲೂ ಒಂದೇ ಮಾತು ಹೇಳುತ್ತಿದ್ದರು. "ನಿನ್ನ ಡಬ್ಬ ನಾನು ಕೆಲ್ಸಕ್ಕೆ ಕೂತಾಗ್ಲೇ ಮುನಿಸ್ಕೊಳ್ಳುತ್ತೆ ಕಣೋ." ನಾನು ನಗುತ್ತಿದ್ದೆ. ಒಂದು ಭಾನುವಾರ ಬೇರೆ ಕೆಲಸವಿಲ್ಲದೆ ಗಮನಿಸಿದೆ. ಅಮ್ಮ ಹೊಲಿದ ಬ್ಲೌಸಿಗೆ ಇಸ್ತ್ರಿ ಮಾಡುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಕಾದು ಟಿಕ್ ಅಂದು ದೀಪ ಆರಿತು, ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್ ಅಂದು ಹತ್ತಿತು. ಆ ಎರಡನೇ ಟಿಕ್‌ಗೆ ಸರಿಯಾಗಿ ಸ್ಕ್ರೀನ್ ಕಪ್ಪಾಯಿತು. ಇಸ್ತ್ರಿ ಬಿಟ್ಟು ಮೆಷಿನ್ ತುಳಿಯಲು ಹೇಳಿದೆ. ಮೋಟಾರ್ ಗುರ್ ಅಂದಿತು, ಇತ್ತ ಟುಡುಂಗ್. ನಾನು ಮೆಮ್‌ಟೆಸ್ಟ್ ಹಾಕಿದ್ದು ರಾತ್ರಿ. ರಾತ್ರಿ ಅಮ್ಮ ಹೊಲಿಯುವುದಿಲ್ಲವಲ್ಲ!

ಇನ್ನೊಂದು ವಿಷಯವನ್ನೂ ಆರು ತಿಂಗಳಿಂದ ಕಡೆಗಣಿಸಿದ್ದೆ. ನೆಲ ಒರೆಸಿದ ಮೇಲೆ ಬರಿಗಾಲಲ್ಲಿ ಕೂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ಎಲ್ಲಾ ಕಂಪ್ಯೂಟರೂ ಹೀಗೇ ಇರಬೇಕು ಅಂದುಕೊಂಡಿದ್ದೆ. ಆ ಭಾನುವಾರ ಟೆಸ್ಟರ್ ಇಟ್ಟು ನೋಡಿದರೆ ಸ್ಕ್ರೂ ಮೇಲೆ ಮಿಣಿಮಿಣಿ ಬೆಳಕು.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ರೂಮಿನ ಸ್ವಿಚ್ ಬೋರ್ಡ್ ಬಿಚ್ಚಿದರು. ಸುಟ್ಟ ಪ್ಲಾಸ್ಟಿಕ್ ವಾಸನೆ. ನ್ಯೂಟ್ರಲ್ ವೈರಿನ ಸ್ಕ್ರೂ ಸಡಿಲವಾಗಿ, ತುದಿ ಕಪ್ಪಾಗಿ, ಬೆರಳಲ್ಲಿ ಎಳೆದರೆ ಕೈಗೇ ಬಂತು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ, ವೈರೇ ಇಲ್ಲ. ಆ ರೂಮನ್ನು ಆಮೇಲೆ ಕಟ್ಟಿಸಿದ್ದಂತೆ. ಎರಡೇ ವೈರ್ ಎಳೆದು ಮೂರು ಪಿನ್ನಿನ ಸಾಕೆಟ್ ಕೂರಿಸಿದ್ದಾರೆ. ಹೊರಗಿಂದ ನೋಡಿದರೆ ಯಾರಿಗೂ ಅನುಮಾನ ಬರದು.

ಎರಡೂ ತೊಂದರೆಗೆ ಕಾರಣ ಇಲ್ಲೇ ಇತ್ತು. ಇಸ್ತ್ರಿ ಪೆಟ್ಟಿಗೆ 1000 ವಾಟ್, ಅಂದರೆ ನಾಲ್ಕು ಆಂಪಿಯರ್‌ಗಿಂತ ಜಾಸ್ತಿ. ಅದು ಒಮ್ಮೆಲೇ ಎಳೆದಾಗ ಸಡಿಲ ನ್ಯೂಟ್ರಲ್‌ನಲ್ಲಿ ಕಿಡಿ ಹಾರಿ ಕರೆಂಟ್ ಕ್ಷಣಮಾತ್ರ ಕಡಿಯುತ್ತಿತ್ತು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಪೂರ್ತಿ ಲೋಡಿನಲ್ಲಿ ಸುಮಾರು 16–17 ಮಿಲಿಸೆಕೆಂಡ್ ಸಂಭಾಳಿಸುತ್ತದೆ, ಅಷ್ಟೇ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್, ಅಷ್ಟು ಹೊತ್ತು ಕಡಿದರೂ ಸಾಕು. ಸುಮ್ನೆ ಬ್ರೌಸ್ ಮಾಡುವಾಗ ಲೋಡ್ ಕಡಿಮೆ, ಬಚಾವಾಗುತ್ತಿತ್ತು, ರೆಂಡರ್ ಮಾಡುವಾಗಲೇ ಬೀಳುತ್ತಿತ್ತು. ಅದೇ ಸ್ವಿಚ್ ಬೋರ್ಡಿಗೆ ಹಾಕಿದ ಲ್ಯಾಪ್‌ಟಾಪ್ ಚೆನ್ನಾಗಿದೆಯಲ್ಲ ಅಂತ ನಾನು ಮೋಸಹೋಗಿದ್ದೆ. ಅದಕ್ಕೆ ಬ್ಯಾಟರಿ ಇದೆ, ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ. ಯುಪಿಎಸ್ ಇದ್ದಿದ್ದರೂ ಹೀಗೇ ಮುಚ್ಚಿಹೋಗುತ್ತಿತ್ತು, ಗೋಡೆಯೊಳಗೆ ವೈರ್ ಸುಡುತ್ತಲೇ ಇರುತ್ತಿತ್ತು.

ಯುಎಸ್‌ಬಿ ಕಥೆ ಅರ್ಥಿಂಗ್‌ದು. ಎಸ್‌ಎಂಪಿಎಸ್‌ಗೆ ಕರೆಂಟ್ ಬರುವ ಕಡೆಯೇ ಒಂದು ಫಿಲ್ಟರ್ ಇರುತ್ತದೆ. ಫೇಸ್‌ನಿಂದ ಕ್ಯಾಬಿನೆಟ್ಟಿಗೊಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೊಂದು ಪುಟ್ಟ ಕೆಪಾಸಿಟರ್. ಅರ್ಥ್ ಇದ್ದರೆ ಲೈನಿನ ಗಲೀಜೆಲ್ಲ ಅದರ ಮೂಲಕ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟೇ ಸುಮಾರು 115 ವೋಲ್ಟ್‌ನಲ್ಲಿ, ಅಂದರೆ 230ರ ಅರ್ಧದಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುತ್ತೆ. ಹೊಲಿಗೆ ಮೋಟಾರಿನ ಕಾರ್ಬನ್ ಬ್ರಷ್ ಕಿಡಿಯ ಗಲಾಟೆಗೂ ಇಳಿಯಲು ದಾರಿ ಇಲ್ಲದೆ ಯುಎಸ್‌ಬಿ ಕೇಬಲ್ಲಿಗೇ ನುಗ್ಗುತ್ತಿತ್ತು. 1,200 ಕೊಟ್ಟು ತಂದ ಸ್ಪೈಕ್ ಗಾರ್ಡ್ ಕೂಡ ಅರ್ಥ್ ಇಲ್ಲದೆ ಪೂರ್ತಿ ಕೆಲಸ ಮಾಡುವುದಿಲ್ಲ.

ಈಗ ಮುಖ್ಯವಾದ ವಿಷಯ. ದಮ್ಮಯ್ಯ, ಇದೊಂದನ್ನು ಮಾತ್ರ ಮರೆಯಬೇಡಿ. ಆ ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಬಿಡ್ತೀನಿ, ಟೆಸ್ಟರ್ ಉರಿಯಲ್ಲ, ಐದು ನಿಮಿಷದ ಕೆಲಸ ಅಂದರು. ನಾನು ಹೂಂ ಅನ್ನುವವನಿದ್ದೆ. ಪಕ್ಕದ ಮನೆಯ ಅಂಕಲ್, ರಿಟೈರ್ ಆದ ಲೈನ್‌ಮನ್, ಕಾಂಪೌಂಡಿನಿಂದಲೇ ಬೈದರು. "ಅಲ್ಲಾ ಕಣಯ್ಯ, ನಾಳೆ ಅದೇ ನ್ಯೂಟ್ರಲ್ ಬಿಟ್ಕೊಂಡ್ರೆ ಡಬ್ಬಕ್ಕೆ ಪೂರ್ತಿ 230 ಬರುತ್ತೆ. ಮುಟ್ಟಿದವರು ಉಳೀತಾರಾ?" ಬಿಟ್ಟುಕೊಂಡಿದ್ದ ನ್ಯೂಟ್ರಲ್ ಆಗ ನಮ್ಮ ಕಣ್ಣೆದುರೇ ನೇತಾಡುತ್ತಿತ್ತು. ನನಗೆ ಬೆವರು ಬಂತು.

ಅಡುಗೆಮನೆಯ ಸಾಕೆಟ್ಟಿಗೆ ಸರಿಯಾದ ಅರ್ಥ್ ಇತ್ತು. ಅಲ್ಲಿಂದ ಪೈಪಿನಲ್ಲಿ ಹಸಿರು ವೈರ್ ಎಳೆಸಿದೆವು, ಸುಟ್ಟ ಸಾಕೆಟ್ ಬದಲಾಯಿಸಿ ನ್ಯೂಟ್ರಲ್ ಹೊಸದಾಗಿ ಕಟ್ಟಿಸಿದೆವು. ಮೀಟರ್ ಇಟ್ಟು ನೋಡಿದರೆ ಫೇಸ್–ನ್ಯೂಟ್ರಲ್ 229 ವೋಲ್ಟ್, ಫೇಸ್–ಅರ್ಥ್ 228, ನ್ಯೂಟ್ರಲ್–ಅರ್ಥ್ ಒಂದೂವರೆ. ನಿಮ್ಮ ಮನೆಯಲ್ಲೂ ಹೀಗೇ ಬರಬೇಕು. ಫೇಸ್–ಅರ್ಥ್ ನಡುವೆ 60, 90 ಅಂತ ಏನೇನೋ ಓಡಾಡುತ್ತಿದ್ದರೆ ಆ ತೂತಿನ ಹಿಂದೆ ಸರಿಯಾದ ಅರ್ಥ್ ಇಲ್ಲ ಅಂತಲೇ ಅರ್ಥ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಕೈಹಾಕಬೇಡಿ, ತಿಳಿದವರನ್ನು ಕರೆಸಿ.

ನಾಲ್ಕು ತಿಂಗಳಾಯಿತು, ಒಂದು ಟುಡುಂಗ್ ಇಲ್ಲ. ಅಮ್ಮ ಇಸ್ತ್ರಿ ಹಾಕುವ ಮುಂಚೆ ಈಗಲೂ "ಹಾಕ್ಲಾ?" ಅಂತ ಕೇಳುತ್ತಾರೆ, ಬೇಕಂತಲೇ. 450 ರೂಪಾಯಿಯನ್ನು ಬಾಡಿಗೆಯಲ್ಲಿ ಹಿಡಿದುಕೊಂಡೆ, ಓನರ್ ಇನ್ನೂ ಮುಖ ದಪ್ಪ ಮಾಡಿಕೊಂಡಿದ್ದಾರೆ. ಹಳೇ ಎಸ್‌ಎಂಪಿಎಸ್ ಬೀರುವಿನ ಮೇಲಿದೆ. ಬೇಕಿದ್ದವರು ಹೇಳಿ, ಅದಕ್ಕೇನೂ ಆಗಿಲ್ಲ.