ಕೊಲೊನೋಸ್ಕೋಪಿ ವಿಭಾಗ: ಮಂಪರಿಗೆ ಪೂರ್ಣ ಅಂಕ, ಸೂಚನಾ ಚೀಟಿಗೆ ಸೊನ್ನೆ

ಆಸ್ಪತ್ರೆಯ ಸೋಫಾ, ಎ.ಸಿ., ಕಾಫಿ ಯಂತ್ರಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಕೊಲೊನೋಸ್ಕೋಪಿಗೆ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಹೋಗಿದ್ದಾಗ, ಹಾಸನದಲ್ಲಿ ಔಷಧ ಅಂಗಡಿ ನಡೆಸುವ ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ.

ಮೊದಲು ಬೈಗುಳ. ಮನೆಗೆ ಕೊಟ್ಟು ಕಳುಹಿಸುವ ಸೂಚನಾ ಚೀಟಿಯನ್ನು ಯಾವುದೋ ಅಮೆರಿಕದ ಕರಪತ್ರದಿಂದ ಇಳಿಸಿಕೊಂಡಂತಿದೆ. ‘ಜೆಲ್ಲೋ ತಿನ್ನಬಹುದು’ ಎಂದಿದೆ, ಅಂದರೆ ಅಲ್ಲಿನವರ ಸಿಹಿ ಜೆಲ್ಲಿ. ನಮ್ಮೂರಲ್ಲಿ ಜೆಲ್ಲೋ ತಿನ್ನುವವರು ಯಾರು? ರಾಗಿ ಮುದ್ದೆ, ಸೊಪ್ಪಿನ ಸಾರು, ಬೀಜದ ಸೀಬೆಹಣ್ಣು ಬಿಡಬೇಕು ಎಂಬ ಮುಖ್ಯ ಮಾತೇ ಇಲ್ಲ. ಹಿಂದಿನ ದಿನವಿಡೀ ಬರೀ ದ್ರವಾಹಾರವಂತೆ. ನಾರು ಕಡಿಮೆ ಇರುವ ಊಟ ಮಾಡಿದವರ ಕರುಳೂ ಅಷ್ಟೇ ಸ್ವಚ್ಛವಾಗುತ್ತದೆ ಎಂದು ಪ್ರಯೋಗಗಳು ತೋರಿಸಿ ವರ್ಷಗಳಾದವು. ಒಂದಿಷ್ಟು ಮಜ್ಜಿಗೆ ಅನ್ನಕ್ಕೆ ಅಡ್ಡಿಯಿರಲಿಲ್ಲ.

ಇದಕ್ಕಿಂತ ದೊಡ್ಡ ಲೋಪ ಮುಂದಿದೆ. ಕರುಳು ತೊಳೆಯುವ ಪುಡಿ ಬೆರೆಸಿದ ಎರಡು ಲೀಟರ್ ನೀರನ್ನೂ ಹಿಂದಿನ ಸಂಜೆಯೇ ಮುಗಿಸಬೇಕಂತೆ. ಸಕ್ಕರೆ ಹಾಕಲು ಮರೆತ ನಿಂಬೆ ಶರಬತ್ತಿನಂತಿರುವ ಅದನ್ನು ಒಂದೇ ಸಂಜೆ ಕುಡಿದು ನೋಡಿ! ಅರ್ಧ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರು ಮಾಡಿ, ಪರೀಕ್ಷೆಗೆ ಎರಡು ಗಂಟೆ ಬಾಕಿ ಇರುವಂತೆ ಮುಗಿಸುವುದೇ ಮೇಲು ಎಂದು ಸಾಕಷ್ಟು ಪ್ರಯೋಗಗಳಿಂದ ಖಚಿತವಾಗಿದೆ. ಸಂಜೆಯೇ ಎಲ್ಲ ಮುಗಿಸಿದರೆ, ರಾತ್ರಿಯಿಡೀ ಸಣ್ಣ ಕರುಳಿನಿಂದ ಪಿತ್ತರಸ ಬೆರೆತ ದ್ರವ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಚಪ್ಪಟೆಯಾದ, ಕಣ್ಣು ತಪ್ಪಿಸುವ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಸಣ್ಣ ಗಂಟುಗಳು) ಹೆಚ್ಚಾಗಿ ಇರುವುದೂ ಅಲ್ಲೇ. ನನ್ನ ವರದಿಯಲ್ಲಿ ಸ್ವಚ್ಛತೆಗೆ ಮೂರಕ್ಕೆ ಬಲಭಾಗಕ್ಕೆ ಎರಡು, ಉಳಿದೆಡೆ ಮೂರು ಅಂಕ. ಕಳೆದುಹೋದ ಆ ಒಂದು ಅಂಕ ಚೀಟಿಯ ಖಾತೆಗೆ.

ಇನ್ನು ಹೊಗಳಿಕೆ. ಅರಿವಳಿಕೆ ವೈದ್ಯೆ ನನ್ನ ಪಕ್ಕ ಕುಳಿತು, ಗೊರಕೆ ಹೊಡೆಯುತ್ತೀರಾ, ಅಲ್ಲಾಡುವ ಹಲ್ಲಿದೆಯೇ, ಬಿ.ಪಿ. ಮಾತ್ರೆ ಯಾವುದು ಎಂದೆಲ್ಲ ವಿಚಾರಿಸಿದರು. ಮಂಪರಿಗೆ ಎರಡು ದಾರಿ: ಮಿಡಾಜೋಲಮ್ ಮತ್ತು ಫೆಂಟನಿಲ್ ಎಂಬ ಮದ್ದುಗಳು, ಇಲ್ಲವೇ ಪ್ರೊಪೊಫಾಲ್. ಆಯ್ಕೆ ನಿಮ್ಮದು ಎಂದರು. ಮೊದಲಿನವೆರಡಕ್ಕೂ ಪರಿಣಾಮ ಇಳಿಸುವ ಪ್ರತ್ಯೌಷಧವಿದೆ, ಪ್ರೊಪೊಫಾಲ್‌ಗೆ ಇಲ್ಲ ಎಂದು ನಾನು ತಕರಾರು ತೆಗೆದೆ. “ಅದಕ್ಕೇ ನಾನಿಲ್ಲಿರುವುದು, ಅಮ್ಮಾ” ಎಂದು ನಕ್ಕು, ಮೂಗಿಗೆ ಹಾಕುವ ಕೊಳವೆಯನ್ನು ತೋರಿಸಿದರು. ಅದು ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ಆಮ್ಲಜನಕ ಕೊಡುತ್ತಿರುವಾಗ ಉಸಿರು ನಿಂತರೂ ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ಪು ತಡವಾಗಿ ಕೂಗುತ್ತದೆ, ಇದು ಮೊದಲೇ ಹೇಳಿಬಿಡುತ್ತದೆ. ಹಾಲಿನಂಥ ಬಿಳಿ ಪ್ರೊಪೊಫಾಲ್ ಕೈಗೆ ಏರಿದ್ದಷ್ಟೇ ನೆನಪು. ಎದ್ದಾಗ ತಲೆ ನಿರಾಳವಾಗಿತ್ತು.

ಹೊಟ್ಟೆಯುಬ್ಬರವೂ ಆಗಲಿಲ್ಲ. ಕರುಳನ್ನು ಹಿಗ್ಗಿಸಲು ಇವರು ಗಾಳಿಯ ಬದಲು ಇಂಗಾಲದ ಡೈಆಕ್ಸೈಡನ್ನೇ ಬಳಸುತ್ತಾರೆ. ಕರುಳು ಅದನ್ನು ಬೇಗ ಹೀರಿಕೊಳ್ಳುತ್ತದೆ, ಉಸಿರಲ್ಲಿ ಹೊರಹೋಗುತ್ತದೆ. ಇದರಿಂದ ನಂತರದ ನೋವು ಕಡಿಮೆ ಎಂಬುದೂ ಪರೀಕ್ಷಿಸಿ ಕಂಡ ಮಾತು.

ತರಬೇತಿಯಲ್ಲಿರುವ ಯುವ ವೈದ್ಯರೊಬ್ಬರು ತಾವಾಗಿಯೇ ಪರಿಚಯಿಸಿಕೊಂಡು, ಸ್ವಲ್ಪ ಭಾಗವನ್ನು ನಾನು ಮಾಡಬಹುದೇ ಎಂದು ಕೇಳಿದರು. ಸಿಮ್ಯುಲೇಟರ್ ಎಂಬ ಅಭ್ಯಾಸದ ಯಂತ್ರದಲ್ಲಿ ಕೈ ಪಳಗಿಸಿಕೊಂಡಿದ್ದರು. ಆ ಯಂತ್ರ ಆರಂಭದಲ್ಲಿ ನೆರವಾಗುತ್ತದೆಯೇ ಹೊರತು ರೋಗಿಯ ಮೇಲಿನ ಕಲಿಕೆಗೆ ಬದಲಿಯಲ್ಲ, ಆದ್ದರಿಂದ ಹಿರಿಯರು ಪಕ್ಕದಲ್ಲೇ ಇರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದೆ. ಇದ್ದರು.

ವರದಿಯಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು: ಕೊಳವೆಯನ್ನು ಹಿಂದಕ್ಕೆ ತೆಗೆಯಲು ತೆಗೆದುಕೊಂಡ ಸಮಯ. ಕರುಳನ್ನು ಕೂಲಂಕಷವಾಗಿ ನೋಡುವುದು ಆಗಲೇ. 2006ರಲ್ಲಿ ಅಮೆರಿಕದ ಇಲಿನಾಯ್‌ನ 12 ವೈದ್ಯರ ಅಧ್ಯಯನದಲ್ಲಿ, ಸರಾಸರಿ ಆರು ನಿಮಿಷಕ್ಕಿಂತ ಬೇಗ ಮುಗಿಸಿದವರು ಶೇ 11.8 ಮಂದಿಯಲ್ಲಿ ಗಡ್ಡೆ ಕಂಡರೆ, ಆರು ನಿಮಿಷ ಅಥವಾ ಹೆಚ್ಚು ಹೊತ್ತು ನೋಡಿದವರು ಶೇ 28.3 ಮಂದಿಯಲ್ಲಿ ಕಂಡರು. ಹಿರಿಯ ವೈದ್ಯರನ್ನೇ ಕೇಳಿದೆ. ಅವರು ಬೇಸರಪಡದೆ ಚಿತ್ರಗಳ ಮೇಲಿದ್ದ ಗಡಿಯಾರದ ಸಮಯ ಕಳೆದು ನೋಡಿ, ವರದಿಯ ಅಂಚಿನಲ್ಲಿ ಪೆನ್ನಿನಿಂದ ‘9 ನಿಮಿಷ’ ಎಂದು ಬರೆದು ಸಹಿ ಹಾಕಿಕೊಟ್ಟರು. ಅದನ್ನು ಮುದ್ರಿಸಿಯೇ ಕೊಡಲಿ, ಚೀಟಿಯನ್ನು ಹೊಸದಾಗಿ ಬರೆಯಲಿ. ಅಲ್ಲಿಯವರೆಗೆ ಐದಕ್ಕೆ ನಾಲ್ಕು.